ಪ್ಯಾಕೆಟ್ ದೋಷದಿಂದ ಆಹಾರ ವಾಪಸ್ ಕರೆಸಿಕೊಂಡಾಗ ಶ್ರಾವಕರು ಮಾಡಬೇಕಾದದ್ದೇನು?



ಅಂಗಡಿಯಿಂದ ತಂದ ಹಿಟ್ಟು, ಬೇಳೆ, ಮಸಾಲೆ ಪುಡಿಯನ್ನು ಡಬ್ಬಕ್ಕೆ ಸುರಿದು ಪ್ಯಾಕೆಟ್ಟನ್ನು ಆಗಲೇ ಕಸಕ್ಕೆ ಹಾಕುವುದು ನಮ್ಮ ಹೆಚ್ಚಿನ ಮನೆಗಳ ರೂಢಿ. ಹತ್ತು ದಿನದ ಮೇಲೆ ಕಂಪನಿಯು "ಇಂಥ ಬ್ಯಾಚ್ ಸಂಖ್ಯೆಯ ಸರಕಿನಲ್ಲಿ ದೋಷವಿದೆ, ಬಳಸಬೇಡಿ" ಎಂದು ಪ್ರಕಟಣೆ ಕೊಟ್ಟರೆ, ನಮ್ಮ ಡಬ್ಬದಲ್ಲಿರುವುದು ಅದೇ ಬ್ಯಾಚಿನದೇ ಎಂದು ತಿಳಿಯಲು ಯಾವ ಗುರುತೂ ಉಳಿದಿರುವುದಿಲ್ಲ. ಆಹಾರವನ್ನು ಸೋಸಿ, ನೋಡಿ ತಿನ್ನುವ ನಾವು ಈ ಒಂದು ವಿಷಯದಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕಿದೆ.

ರೀಕಾಲ್ ಎಂದರೇನು?

ಮಾರುಕಟ್ಟೆಗೆ ಹೋದ ಆಹಾರ ಸುರಕ್ಷಿತವಲ್ಲ ಎಂದು ತಿಳಿದಾಗ ಅದನ್ನು ಅಂಗಡಿಗಳಿಂದಲೂ ಗ್ರಾಹಕರಿಂದಲೂ ವಾಪಸ್ ಕರೆಸಿಕೊಳ್ಳುವುದೇ ರೀಕಾಲ್. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೇ ಕಲಂ ಇದನ್ನು ತಯಾರಕರ ಮತ್ತು ಮಾರಾಟಗಾರರ ಹೊಣೆಯನ್ನಾಗಿ ಮಾಡಿದೆ. ಇದರ ಕ್ರಮವನ್ನು 2017ರ ನಿಯಮಾವಳಿ ವಿವರಿಸುತ್ತದೆ.

ರೀಕಾಲ್ ಸಾಮಾನ್ಯವಾಗಿ ಬ್ಯಾಚ್ ಸಂಖ್ಯೆಯ ಮೇಲೆ ನಡೆಯುತ್ತದೆ. 2025ರ ಜನವರಿಯಲ್ಲಿ ಎಫ್‌ಎಸ್‌ಎಸ್‌ಎಐ ಸೂಚನೆಯಂತೆ ಪತಂಜಲಿ ಫುಡ್ಸ್ ಕಂಪನಿ 4 ಟನ್ ಮೆಣಸಿನ ಪುಡಿಯನ್ನು ವಾಪಸ್ ಕರೆಸಿಕೊಂಡಿತು. ಅಲ್ಲಿದ್ದದ್ದು ಪ್ಯಾಕಿಂಗ್ ದೋಷವಲ್ಲ, ಕೀಟನಾಶಕದ ಉಳಿಕೆ. ಆದರೆ ವಾಪಸ್ ಕರೆದದ್ದು ಒಂದೇ ಒಂದು ಬ್ಯಾಚನ್ನು. ಕೊಂಡವರು ಖರೀದಿಸಿದ ಅಂಗಡಿಗೆ ಮರಳಿಸಿ ಪೂರ್ತಿ ಹಣ ಪಡೆಯಬಹುದು ಎಂದು ಕಂಪನಿ ಹೇಳಿತ್ತು. ಪ್ಯಾಕೆಟ್ ಎಸೆದಿದ್ದವರಿಗೆ ತಮ್ಮ ಮನೆಯ ಪುಡಿ ಆ ಬ್ಯಾಚಿನದೇ ಎಂದು ನೋಡಿಕೊಳ್ಳುವುದೇ ಕಷ್ಟ.

ಪ್ಯಾಕಿಂಗ್ ದೋಷಗಳು ಮೂರು ಬಗೆ

ಮೊದಲನೆಯದು, ಸೀಲ್ ಸರಿಯಾಗಿ ಕೂರದಿರುವುದು. ಸೂಜಿಮೊನೆಯಷ್ಟು ರಂಧ್ರವಿದ್ದರೂ ಗಾಳಿ, ತೇವ, ಸೂಕ್ಷ್ಮಜೀವಿಗಳು ಒಳಗೆ ಹೋಗುತ್ತವೆ. ಚಾತುರ್ಮಾಸದ ಮಳೆಗಾಲದಲ್ಲಿ ಹಿಟ್ಟು-ರವೆಗೆ ಬೂಷ್ಟು, ಹುಳು ಬರಲು ಇಷ್ಟು ಸಾಕು. "ಇಂಥ ದಿನಾಂಕದವರೆಗೆ ಬಳಸಬಹುದು" ಎಂಬ ಮುದ್ರಣ ಸೀಲ್ ಗಟ್ಟಿಯಾಗಿರುವ ಪ್ಯಾಕೆಟ್ಟಿಗೆ ಮಾತ್ರ ಅನ್ವಯಿಸುತ್ತದೆ. ಸೀಲ್ ಬಿಟ್ಟ ಮೇಲೆ ಆ ದಿನಾಂಕಕ್ಕೆ ಬೆಲೆಯಿಲ್ಲ.

ಎರಡನೆಯದು, ಪ್ಯಾಕಿಂಗ್ ವಸ್ತುವೇ ಆಹಾರಕ್ಕೆ ಸೇರುವುದು. 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಕೆಲಾಗ್ಸ್ ಕಂಪನಿ ಸುಮಾರು 2 ಕೋಟಿ 80 ಲಕ್ಷ ಪೆಟ್ಟಿಗೆ ಸಿರಿಲ್ ವಾಪಸ್ ಕರೆಸಿಕೊಂಡಿತು. ಒಳಚೀಲದಿಂದ ಬಂದ ರಾಸಾಯನಿಕದಿಂದ ತಿನಿಸಿಗೆ ವಿಚಿತ್ರ ವಾಸನೆ ಹಿಡಿದಿತ್ತು. 2005ರಲ್ಲಿ ಇಟಲಿಯಲ್ಲಿ ಪೆಟ್ಟಿಗೆಯ ಹೊರಮೈಯ ಮುದ್ರಣ ಶಾಯಿಯ ಅಂಶ ಮಕ್ಕಳ ಹಾಲಿಗೆ ಸೇರಿದ್ದು ಪತ್ತೆಯಾಗಿ ಹಾಲನ್ನು ಮಾರುಕಟ್ಟೆಯಿಂದ ತೆಗೆಸಲಾಯಿತು. ಎರಡರಲ್ಲೂ ಆಹಾರ ತಯಾರಿಕೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಅದನ್ನು ತುಂಬಿದ ಚೀಲದಲ್ಲಿ, ಪೆಟ್ಟಿಗೆಯಲ್ಲಿ.

ಮೂರನೆಯದು, ಒಂದರ ಪ್ಯಾಕೆಟ್ಟಿನಲ್ಲಿ ಇನ್ನೊಂದು ತುಂಬಿಕೊಳ್ಳುವುದು ಅಥವಾ ತಪ್ಪು ಲೇಬಲ್ ಅಂಟುವುದು. ಕಡಲೆಕಾಯಿ, ಹಾಲು, ಗೋಧಿಯ ಅಲರ್ಜಿ ಇರುವವರಿಗೆ ಇದು ಜೀವಕ್ಕೇ ಅಪಾಯ. ನಮಗೆ ಇದು ವ್ರತಭಂಗದ ವಿಷಯವೂ ಹೌದು.

ಹಸಿರು ಗುರುತು ಎಷ್ಟು ಹೇಳುತ್ತದೆ?

ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು; ಕಂದು ಚೌಕದೊಳಗಿನ ಕಂದು ತ್ರಿಕೋನ ಮಾಂಸಾಹಾರದ್ದು. ಆದರೆ ಕಾನೂನಿನ ವ್ಯಾಖ್ಯೆಯಲ್ಲಿ ಜೇನುತುಪ್ಪ, ಜೇನುಮೇಣ, ಅರಗು ಮಾಂಸಾಹಾರವೆಂದು ಎಣಿಸಲ್ಪಡುವುದಿಲ್ಲ. ಅಷ್ಟ ಮೂಲಗುಣಗಳಲ್ಲಿ ಮಧುತ್ಯಾಗವನ್ನು ಪಾಲಿಸುವವರು ಹಸಿರು ಚುಕ್ಕೆಯನ್ನಷ್ಟೇ ನಂಬಿದರೆ ಸಾಲದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯ ಬಗ್ಗೆಯೂ ಅದು ಏನನ್ನೂ ಹೇಳುವುದಿಲ್ಲ. ಸಾಮಗ್ರಿಗಳ ಪಟ್ಟಿಯನ್ನು ಓದಲೇಬೇಕು. ಮಿಠಾಯಿಗಳ ಹೊಳಪಿಗೆ ಬಳಸುವ ಅರಗು 904 ಎಂಬ ಸಂಖ್ಯೆಯಲ್ಲಿ ಇರಬಹುದು.

"ಈರುಳ್ಳಿ-ಬೆಳ್ಳುಳ್ಳಿ ಇಲ್ಲ" ಎಂದು ಮುದ್ರಿಸಿ ಒಳಗೆ ಅದೇ ಇದ್ದರೆ ಅದು ಸುಳ್ಳು ಲೇಬಲ್. ಇದಕ್ಕೆ ಕಾಯ್ದೆಯ 52ನೇ ಕಲಂ ಪ್ರಕಾರ 3 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದೂರು ಕೊಡಲು ಯಾರಿಗಾದರೂ ಕಾಯಿಲೆ ಬರಲಿ ಎಂದು ಕಾಯಬೇಕಿಲ್ಲ.

ಕೊಳ್ಳುವಾಗ, ಇಡುವಾಗ

ಹಾಲು, ಪನೀರ್, ಜ್ಯೂಸ್, ಸಿದ್ಧ ಪಲ್ಯದ ಪ್ಯಾಕೆಟ್ ಉಬ್ಬಿದ್ದರೆ ಕೊಳ್ಳಬೇಡಿ. ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಗಾಳಿ ತುಂಬಿರುವ ಸಾಧ್ಯತೆ ಹೆಚ್ಚು. ಚಿಪ್ಸ್ ಪ್ಯಾಕೆಟ್ಟಿನ ಉಬ್ಬು ಹಾಗಲ್ಲ, ಅಲ್ಲಿ ತುಂಬುವುದು ನೈಟ್ರೋಜನ್. ಉಬ್ಬಿದ, ಸೋರುವ, ಅಂಚಿನಲ್ಲಿ ಜಜ್ಜಿದ ಟಿನ್ ಬೇಡ.

ಪ್ಯಾಕೆಟ್ ಒಡೆದ ಮೇಲೆ ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವ ಭಾಗವನ್ನು ಕತ್ತರಿಸಿ ಡಬ್ಬದ ಮೇಲೆ ಅಂಟಿಸಿ. ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹಳೆಯ ಹಿಟ್ಟಿನ ಮೇಲೆ ಹೊಸ ಹಿಟ್ಟು ಸುರಿಯಬೇಡಿ. ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ ಎಂದು ಹಿಟ್ಟಿನ ಮರ್ಯಾದೆ ಪಾಲಿಸುವ ಮನೆಗಳಲ್ಲಿ ದಿನಾಂಕ ಬರೆದಿಡುವ ಅಭ್ಯಾಸ ಹೇಗೂ ಇರುತ್ತದೆ. ಅದರ ಜೊತೆಗೆ ಬ್ಯಾಚ್ ಸಂಖ್ಯೆಯೂ ಸೇರಲಿ.

ರೀಕಾಲ್ ಸುದ್ದಿ ಬಂದರೆ

1. ಬ್ಯಾಚ್ ಸಂಖ್ಯೆ, ತೂಕ, ದಿನಾಂಕಗಳನ್ನು ಪ್ರಕಟಣೆಯೊಂದಿಗೆ ಹೋಲಿಸಿ. ವಾಟ್ಸ್‌ಆ್ಯಪ್ ಸಂದೇಶವನ್ನಷ್ಟೇ ನಂಬದೆ ಕಂಪನಿಯ ಅಥವಾ ಎಫ್‌ಎಸ್‌ಎಸ್‌ಎಐ ಪ್ರಕಟಣೆಯನ್ನು ನೋಡಿ.

2. ರುಚಿ ನೋಡಬೇಡಿ. ರಸ, ಗಂಧ ಕೆಟ್ಟದ್ದನ್ನು ಚಲಿತರಸವೆಂದು ಬಿಡುವುದು ನಮ್ಮ ಆಚಾರ. ಆದರೆ ಸೀಲ್ ಕೆಟ್ಟ ಟಿನ್‌ನಲ್ಲಿ ಬೆಳೆಯಬಲ್ಲ ಬೊಟುಲಿಸಂ ವಿಷಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ತಿಂದವರಿಗೆ ಕಣ್ಣು ಮಂಜಾಗುವುದು, ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

3. ಪ್ಯಾಕೆಟ್ಟನ್ನು ಚೀಲದಲ್ಲಿ ಕಟ್ಟಿ, "ತಿನ್ನಬಾರದು" ಎಂದು ಬರೆದು ಬೇರೆ ಇಡಿ. ಅಂಗಡಿಗೆ ಮರಳಿಸಿ ಹಣ ಕೇಳಿ. ಬಿಲ್ ಇಲ್ಲದಿದ್ದರೆ ಯುಪಿಐ ಪಾವತಿ ಅಥವಾ ಆನ್‌ಲೈನ್ ಆರ್ಡರಿನ ದಾಖಲೆ ತೋರಿಸಿ.

ದಾನಕ್ಕೂ ಬೇಡ, ಹಸುವಿಗೂ ಬೇಡ

ಅನ್ನ ಬಿಸಾಡಲು ನಮಗೆ ಮನಸ್ಸು ಬರುವುದಿಲ್ಲ. "ನಾವು ತಿನ್ನದಿದ್ದರೇನು, ಕೆಲಸದವರಿಗೆ ಕೊಡೋಣ, ಹಸುವಿಗೆ ಹಾಕೋಣ" ಎನ್ನುವವರಿದ್ದಾರೆ. ವಾಪಸ್ ಕರೆದ ಆಹಾರದ ವಿಷಯದಲ್ಲಿ ಇದು ಕೂಡದು. ನಮಗೆ ಅಪಾಯವಾಗುವ ವಸ್ತು ಪಡೆದವರಿಗೂ ಅಪಾಯವೇ. ಮೂಕ ಪ್ರಾಣಿಗೆ ಹೊಟ್ಟೆನೋವೆಂದು ಹೇಳಿಕೊಳ್ಳಲೂ ಬಾರದು. ತಿಳಿದೂ ಕೊಟ್ಟರೆ ಅದು ದಾನವಾಗುವುದಿಲ್ಲ, ಹಿಂಸೆಯಾಗುತ್ತದೆ. ಮರಳಿಸಲು ಆಗದಿದ್ದರೆ ಬಿಗಿಯಾಗಿ ಕಟ್ಟಿ ನೇರವಾಗಿ ಕಸದ ಗಾಡಿಗೆ ಕೊಡಿ. ಬೀದಿಯಲ್ಲಿ ಸುರಿಯಬೇಡಿ.

ಬಸದಿಯ ಪೂಜೆ, ಪಂಚಕಲ್ಯಾಣ, ಮದುವೆಗಳಿಗೆ ಮೂಟೆಗಟ್ಟಲೆ ಕೊಳ್ಳುವ ಸಮಿತಿಗಳು ಬಿಲ್ ಮತ್ತು ಬ್ಯಾಚ್ ಸಂಖ್ಯೆಗಳನ್ನು ಒಂದೆಡೆ ಬರೆದಿಡಬೇಕು. ಒಂದು ಮನೆಯ ತಪ್ಪು ನಾಲ್ಕು ಜನರಿಗೆ ತಟ್ಟಿದರೆ ಇಲ್ಲಿನದು ಇಡೀ ಪಂಕ್ತಿಗೆ ತಟ್ಟುತ್ತದೆ.

ದೂರು ಎಲ್ಲಿ ಕೊಡಬೇಕು?

ದೋಷವನ್ನು ಮೊದಲು ಕಂಡವರು ನೀವೇ ಆಗಿರಬಹುದು. ಪ್ಯಾಕೆಟ್, ಬ್ಯಾಚ್ ಸಂಖ್ಯೆ, ದೋಷ ಮೂರೂ ಕಾಣುವಂತೆ ಫೋಟೊ ತೆಗೆಯಿರಿ. ಎಫ್‌ಎಸ್‌ಎಸ್‌ಎಐ ಉಚಿತ ಸಹಾಯವಾಣಿ 1800-11-2100, ಅದರ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್, ಅಥವಾ ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಹಣ ಮರಳಿಸಲು ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ 2 ವರ್ಷದೊಳಗೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ.

ಐವತ್ತು ರೂಪಾಯಿ ಪ್ಯಾಕೆಟ್ಟಿಗೆ ಇಷ್ಟೆಲ್ಲ ಏಕೆ ಎಂದು ಸುಮ್ಮನಾಗಬೇಡಿ. ಅದೇ ಬ್ಯಾಚಿನ ಇನ್ನೊಂದು ಪ್ಯಾಕೆಟ್ ಬೇರೆ ಯಾರದೋ ಮಗುವಿನ ಕೈಯಲ್ಲಿರಬಹುದು.