ಹಳೆಯ ಕ್ಯಾರವಾನ್‌ಗಳ ಪುನರುಜ್ಜೀವನ: ಮೂಲಸ್ವರೂಪವೇ ಬಂಡವಾಳ

ಹಳೆಯ ವಸ್ತುವಿನ ಬೆಲೆ ಯಾವ ಭಾಗದಲ್ಲಿ ಅಡಗಿದೆ ಎಂಬುದನ್ನು ಅರಿಯದೆ ದುರಸ್ತಿಗೆ ಕೈಹಾಕಿದರೆ, ಹೂಡಿದ ಹಣದೊಡನೆ ಆ ಬೆಲೆಯೂ ನಷ್ಟವಾಗುತ್ತದೆ. ಅಮೆರಿಕದ ಏರ್‌ಸ್ಟ್ರೀಮ್ ಕ್ಯಾರವಾನ್‌ಗಳ ಪುನರುಜ್ಜೀವನ ಕಾರ್ಯವು ಇದಕ್ಕೊಂದು ಉತ್ತಮ ನಿದರ್ಶನ. ಕಾರಿನ ಹಿಂದೆ ಜೋಡಿಸಿ ಎಳೆದೊಯ್ಯುವ ಈ ಸಂಚಾರಿ ಮನೆಗಳನ್ನು ವಾಲಿ ಬಯಾಮ್ ಅವರು 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಯಾರಿಸತೊಡಗಿದರು. 1936ರ ‘ಕ್ಲಿಪ್ಪರ್’ ಮಾದರಿಯಿಂದ ಮೊದಲುಗೊಂಡು, ರಿವೆಟ್‌ಗಳಿಂದ ಬೆಸೆದ ಅಲ್ಯೂಮಿನಿಯಂ ಕವಚವೇ ಇವುಗಳ ಗುರುತಾಯಿತು. 1950 ಮತ್ತು 1960ರ ದಶಕಗಳ ಬಂಡಿಗಳಿಗೆ ಇಂದಿಗೂ ಬೇಡಿಕೆಯಿದ್ದು, ಅವುಗಳ ದುರಸ್ತಿ ಹಾಗೂ ಬಿಡಿಭಾಗಗಳ ತಯಾರಿಕೆಯನ್ನೇ ಅವಲಂಬಿಸಿದ ಸಣ್ಣ ಘಟಕಗಳು ಅಲ್ಲಿವೆ.

ದೋಷದ ಮೂಲ

ಬಂಡಿಯ ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಪ್ಲೈವುಡ್ ನೆಲ, ನೆಲದ ಅಂಚಿನ ಮೇಲೆ ಅಲ್ಯೂಮಿನಿಯಂ ಕವಚ ಇರುತ್ತದೆ. ಬೋಲ್ಟ್‌ಗಳಿಂದ ಬಿಗಿದ ಈ ಮೂರೂ ಸೇರಿ ಒಂದೇ ದೇಹವಾಗಿ ಭಾರ ಹೊರುತ್ತವೆ. 1961ರಿಂದ ಬಳಕೆಗೆ ಬಂದ ಆಕ್ಸಲ್‌ಗಳಲ್ಲಿ ಸ್ಪ್ರಿಂಗ್‌ಗೆ ಬದಲಾಗಿ ರಬ್ಬರ್ ಇದೆ. ದಶಕಗಳು ಕಳೆದಂತೆ ರಬ್ಬರ್ ಗಡುಸಾಗಿ, ರಸ್ತೆಯ ಹೊಡೆತವು ನೇರವಾಗಿ ಕವಚಕ್ಕೆ ತಗಲುತ್ತದೆ. ರಿವೆಟ್‌ಗಳು ಸಡಿಲಗೊಂಡು ನೀರು ಒಳಸೇರಿ, ಹಿಂಭಾಗದ ಪ್ಲೈವುಡ್ ಕೊಳೆಯುತ್ತದೆ. ತೇವವಿರುವೆಡೆ ಉಕ್ಕು ಮತ್ತು ಅಲ್ಯೂಮಿನಿಯಂ ಪರಸ್ಪರ ತಗುಲಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಕೊನೆಗೆ ಕವಚವು ಚಾಸಿಯಿಂದಲೇ ಬೇರ್ಪಡುತ್ತದೆ.

ಕೆಲಸದ ಕ್ರಮ

ಆದ್ದರಿಂದ ಹೊಳಪು ನೀಡುವುದು ಕೊನೆಯ ಕೆಲಸ. ಮೊದಲು ಸೋರಿಕೆಯನ್ನು ಪತ್ತೆಹಚ್ಚಿ, ಕೊಳೆತ ನೆಲವನ್ನು ತೆಗೆಯಬೇಕು. ಹಾನಿ ವ್ಯಾಪಕವಾಗಿದ್ದಲ್ಲಿ ಕವಚವನ್ನೇ ಮೇಲೆತ್ತಿ, ಚಾಸಿಯ ತುಕ್ಕು ನಿವಾರಿಸಿ, ಹೊಸ ನೆಲ ಹಾಕಿ, ಕವಚವನ್ನು ಮತ್ತೆ ಇಳಿಸಲಾಗುತ್ತದೆ. ಮೂಲ ರಿವೆಟ್ ಹೊಡೆಯಲು ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಹೊಡೆದರೆ, ಮತ್ತೊಬ್ಬರು ಒಳಗಿನಿಂದ ಲೋಹದ ಗಟ್ಟಿ ಹಿಡಿಯಬೇಕು. ಬೆಂಗಳೂರಿನ ವಿಮಾನ ಉದ್ಯಮವನ್ನು ಬಲ್ಲವರಿಗೆ ಈ ವಿಧಾನ ಪರಿಚಿತ. ಒಳಗೋಡೆಯನ್ನು ಬಿಚ್ಚಲಾಗದ ಕಡೆ ಹೊರಗಿನಿಂದಲೇ ಕೂರಿಸುವ ರಿವೆಟ್ ಬಳಸಿ, ಅದರ ತಲೆಯನ್ನು ಮೂಲದಂತೆ ಕಾಣುವ ಹಾಗೆ ಸವರಲಾಗುತ್ತದೆ.

ಉಳಿಸುವುದು, ಬದಲಿಸುವುದು

ಜೀವರಕ್ಷಣೆಗೆ ಸಂಬಂಧಿಸಿದ ಬ್ರೇಕ್, ಟೈರ್, ಆಕ್ಸಲ್, ಅನಿಲದ ಕೊಳವೆ ಹಾಗೂ ವಿದ್ಯುತ್ ತಂತಿಗಳ ವಿಷಯದಲ್ಲಿ ಹಳೆಯದರ ಮೋಹ ಸಲ್ಲದು. ಇವುಗಳಲ್ಲಿ ಬಹುಪಾಲು ಕಣ್ಣಿಗೆ ಬೀಳುವಂಥವಲ್ಲವಾದ್ದರಿಂದ, ಹೊಸತನ್ನು ಅಳವಡಿಸಿದರೂ ಸ್ವರೂಪಕ್ಕೆ ಧಕ್ಕೆಯಿಲ್ಲ. ಕಿಟಕಿ, ಬಾಗಿಲಿನ ಹಿಡಿ, ಮರದ ಕಪಾಟು, ನಾಮಫಲಕಗಳು ಮಾತ್ರ ಮೂಲದ್ದೇ ಇರಬೇಕು. ಕಳಚಿದ ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆದು, ಸಂಖ್ಯೆ ಬರೆದಿಡುವುದು ಕ್ಷೇಮ. ಕೊಳೆತ ಪ್ಲೈವುಡ್ ತುಂಡೂ ಹೊಸ ತುಂಡಿಗೆ ಅಳತೆಯಾಗುತ್ತದೆ.

ಹೊರ ತಗಡಿನ ಮಿಶ್ರಲೋಹದ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳುಪದರವಿರುತ್ತದೆ. ತುಕ್ಕನ್ನು ತಡೆಯುವುದೂ, ಕನ್ನಡಿಯಂತೆ ಹೊಳೆಯುವುದೂ ಅದೇ. ಉಜ್ಜುಕಾಗದ ಹಾಕಿ ತಿಕ್ಕಿದರೆ ಆ ಪದರ ಸವೆದು ಹೋಗುತ್ತದೆ. ಅದನ್ನು ಮರಳಿ ತರಲಾಗದು. ಹಳೆಯ ಪಾರದರ್ಶಕ ಲೇಪವನ್ನು ರಾಸಾಯನಿಕದಿಂದಲೇ ಕರಗಿಸಿ ತೆಗೆಯಬೇಕು. ಸಂದುಗಳಿಗೆ ಸಿಲಿಕೋನ್ ಬಳಸುವುದೂ ತರವಲ್ಲ. ಒಮ್ಮೆ ಅಂಟಿದ ಮೇಲೆ ಅದರ ಶೇಷದ ಮೇಲೆ ಬೇರೇನೂ ಹಿಡಿಯುವುದಿಲ್ಲ. ಪಾಲಿಯುರೇಥೇನ್ ಅಂಟು ಇದಕ್ಕೆ ಸೂಕ್ತ.

ಕೊಳ್ಳುವ ಮುನ್ನ

ಹೊಳಪನ್ನು ನೋಡಿ ಬೆಲೆ ಕಟ್ಟುವವರು ಮೋಸಹೋಗುವುದು ಸಹಜ. ಅನುಭವಸ್ಥರು ಬಂಡಿಯ ಹಿಂದಿನ ಬಂಪರ್ ಮೇಲೆ ನಿಂತು ತೂಗುತ್ತಾರೆ. ಬಂಪರ್ ಮಾತ್ರ ಕುಗ್ಗಿ ಕವಚ ಅಲುಗದಿದ್ದರೆ, ನೆಲ ಕೊಳೆತಿದೆ ಅಥವಾ ಬಿಗಿ ತಪ್ಪಿದೆ ಎಂದರ್ಥ. ಅಂಥ ಬಂಡಿಗೆ ದುರಸ್ತಿಯ ಪೂರ್ಣ ವೆಚ್ಚವನ್ನು ಕಳೆದೇ ಬೆಲೆ ಹೇಳಬೇಕು.

ಪುರಾತನ ಪೀಠೋಪಕರಣ, ಹಳೆಯ ಯಂತ್ರ, ಹಳೆಯ ವಾಹನ ಯಾವುದರ ವ್ಯವಹಾರಕ್ಕೂ ಈ ನೀತಿ ಅನ್ವಯಿಸುತ್ತದೆ. ಕಾಣದ ಭಾಗದಲ್ಲಿ ಹಣ ಹೂಡಿ, ಕಾಣುವ ಭಾಗದಲ್ಲಿ ಸಂಯಮ ತೋರುವ ಕುಶಲಕರ್ಮಿಯ ಕೆಲಸಕ್ಕೆ ತಕ್ಕ ಪ್ರತಿಫಲ ದೊರೆಯುತ್ತದೆ.