ಈರುಳ್ಳಿ ಲೆಕ್ಕ, ಜೋಡಿ ಲೆಕ್ಕ

ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್ ಗೊತ್ತಲ್ಲ? ಈರುಳ್ಳಿಯ ದೊಡ್ಡ ಮಾರುಕಟ್ಟೆ. ಅಲ್ಲಿ ಹರಾಜು ಕ್ವಿಂಟಲ್ ಲೆಕ್ಕ, ನಮ್ಮ ಮನೆಗೆ ಬರೋದು ಕಿಲೋ ಲೆಕ್ಕ. ಈ ನಡುವಿನ ದಾರಿಯಲ್ಲೇ ಇದೆ ನಾಲ್ಕನೇ ಕ್ಲಾಸಿನ ಗಣಿತ.

ಇಬ್ಬರು ಮಕ್ಕಳನ್ನ ಜೋಡಿ ಮಾಡಿ. ಒಬ್ಬಳು ವ್ಯಾಪಾರಿ, ಒಬ್ಬ ಗಿರಾಕಿ. ಕ್ವಿಂಟಲ್‌ಗೆ 1,800 ರೂಪಾಯಿ ಅಂದ್ಕೊಳ್ಳಿ. ಕಿಲೋಗೆ 18. ಎರಡೂವರೆ ಕಿಲೋಗೆ 45. ನೂರರ ನೋಟಿಗೆ ಚಿಲ್ಲರೆ 55. ಇವಳು ಐದು ರೂಪಾಯಿ ಕಮ್ಮಿ ಕೊಟ್ಟರೆ ಟೀಚರ್ ತಿದ್ದಬೇಕಿಲ್ಲ, ಗಿರಾಕಿಯೇ ಜಗಳಕ್ಕೆ ನಿಲ್ತಾನೆ!



ಹಾಗಂತ ಸಂತೆ ಲೆಕ್ಕವೊಂದೇ ಸಾಲದು. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳಲ್ಲಿ ದುಡಿಯೋ ಮಕ್ಕಳು ವ್ಯಾಪಾರದ ಲೆಕ್ಕ ಬಾಯಲ್ಲೇ ಸರಸರ ಮಾಡಿದರು, ಪುಸ್ತಕದ ಲೆಕ್ಕಕ್ಕೆ ತಡವರಿಸಿದರು. ಶಾಲೆ ಮಕ್ಕಳದು ಉಲ್ಟಾ. ಅದಕ್ಕೇ, ಬಾಯಲ್ಲಿ ಹೇಳಿದ್ದನ್ನ ಜೋಡಿ ಸ್ಲೇಟಿನಲ್ಲೂ ಬರೀಲಿ.

ನಮ್ಮ ಶಾಲೆಗಳಲ್ಲಿ ಮಕ್ಕಳ ಸಂತೆ ವರ್ಷಕ್ಕೊಂದು ದಿನದ ಸಂಭ್ರಮ. ಟೀಚರೇ, ಈ ಜೋಡಿ ಸಂತೆಯನ್ನ ವಾರಕ್ಕೊಮ್ಮೆ ಇಟ್ಟು ನೋಡಿ.