ರಾಜನ ಚಿತ್ರ ಕೆಂಪಾಗಿದ್ದೇಕೆ?

2024ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಜ ಚಾರ್ಲ್ಸ್ ತಮ್ಮದೇ ಚಿತ್ರದ ಪರದೆ ಸರಿಸಿದ್ದನ್ನ ನೀವೂ ಟೀವಿಯಲ್ಲಿ ನೋಡಿರ್ತೀರಿ. ಸುಮಾರು ಎಂಟೂವರೆ ಅಡಿ ಎತ್ತರದ ಕ್ಯಾನ್ವಾಸು, ಮೇಲಿಂದ ಕೆಳಗೆ ಬರೀ ಕೆಂಪು. ರಾಜರು ಬೆಂಕಿಯಲ್ಲಿ ನಿಂತಂಗಿದೆ ಅಂದವರುಂಟು, ರಕ್ತ ಮೆತ್ತಿದಂಗಿದೆ ಅಂದವರೂ ಉಂಟು. ಆದರೆ ಬಿಡಿಸಿದವರ ಹಿಂದಿನ ಕೆಲಸ ನೋಡಿದರೆ ಈ ಕೆಂಪು ಅರ್ಥವಾಗುತ್ತೆ.

ಅವರ ಹೆಸರು ಜೊನಾಥನ್ ಯೋ. 1970ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು, ತಂದೆ ಕನ್ಸರ್ವೇಟಿವ್ ಪಕ್ಷದ ಸಂಸದರಾಗಿದ್ದವರು. ಯೋ ಚಿತ್ರಕಲೆಯನ್ನ ಶಾಲೆಗೆ ಹೋಗಿ ಕಲಿತವರಲ್ಲ. ಇಪ್ಪತ್ತರ ಹರೆಯದಲ್ಲಿ ಹಾಜ್‌ಕಿನ್ಸ್ ಅನ್ನೋ ಕ್ಯಾನ್ಸರ್ ಬಂತು. ಚೇತರಿಸಿಕೊಳ್ಳುವಾಗ ತಾವೇ ಕುಂಚ ಹಿಡಿದು ಕಲಿತರು.

2001ರ ಚುನಾವಣೆಗೆ ಬ್ರಿಟಿಷ್ ಸಂಸತ್ತು ಇವರನ್ನ ಅಧಿಕೃತ ಕಲಾವಿದರಾಗಿ ನೇಮಿಸಿತು. ಟೋನಿ ಬ್ಲೇರ್, ವಿಲಿಯಂ ಹೇಗ್, ಚಾರ್ಲ್ಸ್ ಕೆನಡಿ, ಮೂವರನ್ನೂ ಬಿಡಿಸಿದರು. ಆದರೆ ಒಂದೇ ಅಳತೆಯಲ್ಲಲ್ಲ. ಅವರವರ ಪಕ್ಷಕ್ಕೆ ಬಿದ್ದ ಮತ ಎಷ್ಟೋ ಕ್ಯಾನ್ವಾಸೂ ಅಷ್ಟೇ! ಮತ ಎಣಿಕೆಯ ದಿನ ನಾವು ಗ್ರಾಫಿಕ್ಸ್‌ನಲ್ಲಿ ತೋರಿಸೋದನ್ನ ಅವರು ಗೋಡೆ ಮೇಲೆ ತೋರಿಸಿದರು. 2008ರಲ್ಲಿ ಹೊರಬಂದ ಬ್ಲೇರ್ ಚಿತ್ರದಲ್ಲಿ ಕೋಟಿನ ಮೇಲೊಂದು ಕೆಂಪು ಪಾಪಿ ಹೂವಿದೆ. ಅಲ್ಲಿ ಅದು ಯುದ್ಧದಲ್ಲಿ ಮಡಿದವರ ನೆನಪು. ಇರಾಕಿಗೆ ಸೈನ್ಯ ಕಳಿಸಿದ ಪ್ರಧಾನಿಯ ಎದೆ ಮೇಲೆ ಆ ಹೂವು ಇದ್ದರೆ ಬೇರೆ ಮಾತು ಬೇಕಾ?

ಈಗ ರಾಜರ ಚಿತ್ರಕ್ಕೆ ಬನ್ನಿ. 2021ರ ಜೂನ್‌ನಲ್ಲಿ ಮೊದಲ ಸಲ ಕೂತಾಗ ಚಾರ್ಲ್ಸ್ ಇನ್ನೂ ಯುವರಾಜ. 2023ರ ನವೆಂಬರ್‌ನಲ್ಲಿ ಕೊನೆಯ, ಅಂದರೆ ನಾಲ್ಕನೇ ಸಲ ಕೂರುವಷ್ಟರಲ್ಲಿ ರಾಜ. ಭುಜದ ಹತ್ತಿರದ ಚಿಟ್ಟೆ ಆ ಬದಲಾವಣೆಯ ಗುರುತು. ತೊಟ್ಟಿರೋದು ವೆಲ್ಷ್ ಗಾರ್ಡ್ಸ್ ಪಡೆಯ ಕೆಂಪು ಸಮವಸ್ತ್ರ. ಹಿನ್ನೆಲೆಗೂ ಅದೇ ಕೆಂಪು ಬಳಿದಿದ್ದಕ್ಕೆ ಪದಕ, ಕತ್ತಿ ಎಲ್ಲ ಅದರಲ್ಲಿ ಕರಗಿಬಿಟ್ಟಿವೆ. ಇಂಜಿನಿಯರಿಂಗ್ ಓದಿದ ನನ್ನ ಭಾಷೆಯಲ್ಲಿ ಹೇಳೋದಾದರೆ, ನಾಯ್ಸ್ ತಗ್ಗಿಸಿ ಸಿಗ್ನಲ್ ಉಳಿಸಿದ್ದಾರೆ. ಇಲ್ಲಿ ಸಿಗ್ನಲ್ ಅಂದರೆ ಮುಖ.

ಆ ಮುಖಕ್ಕೆ ಆಗ 75 ವರ್ಷ. ಪರದೆ ಸರಿಯೋ ಮೂರು ತಿಂಗಳ ಹಿಂದಷ್ಟೇ, ರಾಜರಿಗೆ ಕ್ಯಾನ್ಸರ್ ಇದೆ ಅಂತ ಅರಮನೆ ಪ್ರಕಟಿಸಿತ್ತು. ಕ್ಯಾನ್ಸರ್ ಗೆದ್ದು ಕುಂಚ ಹಿಡಿದವನ ಚಿತ್ರದ ಮುಂದೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ರಾಜ ನಿಂತಿದ್ದರು.

ದೊಡ್ಡವರನ್ನ ಅವರ ಕಾರು, ಕುರ್ಚಿ, ಹಾರದ ಸಮೇತ ದಿನಾ ನಿಮ್ಮ ಮನೆಗೆ ತರೋ ಕೆಲಸ ನನ್ನದು. ಇವತ್ತು ರಾತ್ರಿ ಬುಲೆಟಿನ್ ನೋಡುವಾಗ ಅದನ್ನೆಲ್ಲ ಬಿಟ್ಟು ಬರೀ ಮುಖ ನೋಡಿ. ಏನು ಕಾಣ್ತು ಅಂತ ನನಗೂ ಹೇಳಿ.